ಒಂದೇ ತಲೆ, ಎರಡು ಸ್ಕ್ಯಾನರ್

ಕೊಡಗಿನ ಹಿರಿಯರ ಮಿದುಳಿನ ನರಹಾದಿಗಳನ್ನು ಎಂಆರ್‌ಐ ಮೂಲಕ ಅಳೆಯುವ ಅಧ್ಯಯನವೊಂದರಲ್ಲಿ ಚಿತ್ರಗಳಿಂದ ಲೆಕ್ಕ ತೆಗೆಯುವ ಕೆಲಸ ನನ್ನದಾಗಿತ್ತು. ವಿರಾಜಪೇಟೆ, ಗೋಣಿಕೊಪ್ಪಲು ಕಡೆಯವರನ್ನು ಹುಣಸೂರು ಹಾದಿಯಾಗಿ ಮೈಸೂರಿಗೂ, ಮಡಿಕೇರಿ, ಭಾಗಮಂಡಲ ಕಡೆಯವರನ್ನು ಸಂಪಾಜೆ ಘಟ್ಟ ಇಳಿಸಿ ಮಂಗಳೂರಿಗೂ ಸ್ಕ್ಯಾನಿಗೆ ಕರೆದೊಯ್ದೆವು. ಮೈಸೂರಿನದು 3 ಟೆಸ್ಲಾದ ಯಂತ್ರ, ಮಂಗಳೂರಿನದು 1.5 ಟೆಸ್ಲಾದ್ದು; ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ. ಜೀಪಿನ ಬಾಡಿಗೆ ಉಳಿಸಲು ಮಾಡಿದ ಈ ಏರ್ಪಾಡೇ ಮುಂದಿನ ತೊಡಕಿಗೆಲ್ಲ ಮೂಲವಾಯಿತು. ಅದಕ್ಕೆ ಒಪ್ಪಿದವರಲ್ಲಿ ನಾನೂ ಒಬ್ಬ.

ಎರಡೂ ಕಡೆ ವೋಕ್ಸೆಲ್, ಅಂದರೆ ಚಿತ್ರದ ಒಂದೊಂದು ಘನಚುಕ್ಕಿ, 2 ಮಿಲಿಮೀಟರ್, ನೀರಿನ ಕಣಗಳ ಚಲನೆಯನ್ನು ಹಿಡಿಯುವ ಡಿಫ್ಯೂಷನ್ ಚಿತ್ರಣದಲ್ಲಿ ಆ ಚಲನೆಗೆ ಚಿತ್ರ ಎಷ್ಟು ಸ್ಪಂದಿಸಬೇಕೆಂದು ಹೇಳುವ ಬಿ ಮೌಲ್ಯ 1000 ಎಂದು ನಿಗದಿ ಮಾಡಿದ್ದರಿಂದ ಚಿತ್ರಗಳನ್ನು ನೇರವಾಗಿ ಹೋಲಿಸಬಹುದೆಂದು ನಂಬಿದ್ದೆ. ಮೊದಲ ಫಲಿತಾಂಶದಲ್ಲಿ ಮಡಿಕೇರಿ ಕಡೆಯವರ ಅನೈಸೋಟ್ರಪಿ, ಅಂದರೆ ನೀರಿನ ಕಣಗಳು ಅಡ್ಡಕ್ಕಿಂತ ನರತಂತುವಿನ ಗುಂಟವೇ ಹೆಚ್ಚು ಸರಿದಾಡುವ ಒಲವು, ಎದ್ದು ಕಾಣುವಷ್ಟು ಹೆಚ್ಚಿತ್ತು. ಊಟ, ಎತ್ತರ, ದುಡಿಮೆ ಎಂದು ತಂಡದವರು ಆಗಲೇ ಕಾರಣಗಳನ್ನು ಹುಡುಕತೊಡಗಿದ್ದರು. ನನಗೆ ಅನುಮಾನ ಬಂದದ್ದು ವ್ಯತ್ಯಾಸವು ಎಲ್ಲೆಡೆಯೂ ಒಂದೇ ದಿಕ್ಕಿಗೆ ವಾಲಿದ್ದನ್ನು ಕಂಡಾಗ. ಭಾಗಮಂಡಲಕ್ಕೂ ಕುಶಾಲನಗರಕ್ಕೂ ಮಳೆ ಕೂಡ ಹಾಗೆ ಒಂದೇ ಸಮ ಬೀಳುವುದಿಲ್ಲ. ಮಿದುಳಿನ ನಡುವೆ ದ್ರವ ತುಂಬಿದ ಕುಹರಗಳಿವೆ, ಅಲ್ಲಿ ನರತಂತುವೇ ಇಲ್ಲ. ಅಲ್ಲಿಯೂ ಮಡಿಕೇರಿ ಕಡೆಯವರ ಅಂಕಿಯೇ ಮೇಲಿತ್ತು. ಬರೀ ನೀರಿಗೆ ದಿಕ್ಕೆಲ್ಲಿಂದ ಬರಬೇಕು?

ಕಡತಗಳೊಂದಿಗೆ ದಾಖಲಾದ ವಿವರಗಳನ್ನು ತೆಗೆದು ನೋಡಿದೆ. ಎಕೋ ಟೈಮ್, ಅಂದರೆ ಸಂಕೇತ ಎಬ್ಬಿಸಿ ಅದನ್ನು ಹಿಡಿಯುವವರೆಗಿನ ಕಾಯುವಿಕೆ, ಮೈಸೂರಿನಲ್ಲಿ 74 ಮಿಲಿಸೆಕೆಂಡ್, ಮಂಗಳೂರಿನಲ್ಲಿ 96. ಕಾರಣ ಗ್ರೇಡಿಯಂಟ್ ಕಾಯಿಲ್, ಅಂದರೆ ಕಾಂತಕ್ಷೇತ್ರವನ್ನು ಜಾಗದಿಂದ ಜಾಗಕ್ಕೆ ಏರಿಳಿಸುವ ಸುರುಳಿ. ಮೈಸೂರಿನ ಯಂತ್ರದ ಗ್ರೇಡಿಯಂಟ್ ಮೀಟರಿಗೆ 80 ಮಿಲಿಟೆಸ್ಲಾದವರೆಗೆ ಹೋದರೆ ಮಂಗಳೂರಿನದು 33ಕ್ಕೇ ನಿಲ್ಲುತ್ತಿತ್ತು. ಬಿ ಮೌಲ್ಯವು ಗ್ರೇಡಿಯಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ದುರ್ಬಲ ಗ್ರೇಡಿಯಂಟ್ ಅದೇ ಬಿ ಮೌಲ್ಯವನ್ನು ಮುಟ್ಟಲು ಹೆಚ್ಚು ಹೊತ್ತು ಚಾಲೂ ಇರಬೇಕಾಗುತ್ತದೆ. ನರತಂತುಗಳಿರುವ ಶ್ವೇತದ್ರವ್ಯದ ಸಂಕೇತವೋ 70–80 ಮಿಲಿಸೆಕೆಂಡಿನ ಕಾಲಮಾನದಲ್ಲಿ ಕರಗುತ್ತಲೇ ಇರುತ್ತದೆ. ಆ 22 ಮಿಲಿಸೆಕೆಂಡಿನ ಕಾಯುವಿಕೆಯಲ್ಲೇ ಸುಮಾರು ಕಾಲುಭಾಗ ಸಂಕೇತ ಹೋಯಿತು. ಇದರ ಮೇಲೆ ಕಾಂತಕ್ಷೇತ್ರ ಅರ್ಧದಷ್ಟೇ, ತಲೆಯ ಸುತ್ತ ಕೂತು ಸಂಕೇತ ಹಿಡಿಯುವ ಹೆಡ್ ಕಾಯಿಲಿನಲ್ಲಿ 32ರ ಬದಲು 8 ಚಾನೆಲ್. ಸಂಕೇತ ಕುಗ್ಗಿ ಗದ್ದಲ ಮೇಲಾದಾಗ ಆ ಗದ್ದಲವೇ ಯಾವುದೋ ಒಂದು ದಿಕ್ಕಿನ ಒಲವಿನಂತೆ ಲೆಕ್ಕಕ್ಕೆ ಸೇರಿ ಅನೈಸೋಟ್ರಪಿಯನ್ನು ಹುಸಿಯಾಗಿ ಏರಿಸುತ್ತದೆ. ದುರ್ಬಲ ಯಂತ್ರವೇ ಮಿದುಳನ್ನು ಹೆಚ್ಚು ಗಟ್ಟಿಯಾಗಿ ತೋರಿಸಿತ್ತು.

ಕಾಫಿ ಮಾರುವ ಯಾರಿಗಾದರೂ ಇದಕ್ಕೆ ಪರಿಹಾರ ಗೊತ್ತಿದೆ. ವ್ಯಾಪಾರಿಯ ತೇವಾಂಶ ಮಾಪಕದ ಮೇಲೆ ನಂಬಿಕೆ ಬಾರದಿದ್ದರೆ ಅದೇ ಚೀಲದ ಬೀಜವನ್ನು ಇನ್ನೊಂದು ಮಾಪಕಕ್ಕೆ ಹಾಕಿ ನೋಡುತ್ತೇವೆ. ಅಡುಗೆಮನೆಯಲ್ಲಿ ಚೈನಾ ಗ್ರಾಸ್ ಎನ್ನುವ ಅಗರನ್ನು ಉಪ್ಪುನೀರಿನಲ್ಲಿ ಕಾಯಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ ಎರಡೂ ಕಡೆಗೆ ಒಯ್ದೆ. ಮೊದಲ ಡಬ್ಬಿಗೆ ಆಷಾಢದ ತೇವದಲ್ಲಿ ಬೂಷ್ಟು ಹಿಡಿದಿದ್ದರಿಂದ ಎರಡನೆಯದನ್ನು ಮಾಡಬೇಕಾಯಿತು. ಅಗರಿನಲ್ಲೂ ಕುಹರದ ಕಥೆಯೇ ಕಂಡಿತು. ಬಳಿಕ ನನ್ನನ್ನೂ ಸೇರಿಸಿ ನಾಲ್ವರು ಎರಡು ವಾರಗಳೊಳಗೆ ಎರಡೂ ಯಂತ್ರಗಳಲ್ಲಿ ಮಲಗಿದೆವು. 32 ಚಾನೆಲ್ಲಿನ ಕಾಯಿಲ್ ತಲೆಗೆ ಅದೆಷ್ಟು ಬಿಗಿಯೆಂದರೆ ಅಲುಗಾಡಲು ಎಡೆಯೇ ಇಲ್ಲ. 8 ಚಾನೆಲ್ಲಿನದು ಸಡಿಲ, ಪಕ್ಕಕ್ಕೆ ಸ್ಪಂಜು ತುರುಕದಿದ್ದರೆ ಕೆಮ್ಮಿದಾಗಲೆಲ್ಲ ತಲೆ ಜರುಗುತ್ತದೆ. ನಮ್ಮೊಂದಿಗೆ ಬಂದಿದ್ದ ಎಪ್ಪತ್ತರ ಅಜ್ಜನನ್ನು "ಹೇಗಿತ್ತು ಅಜ್ಜ?" ಎಂದು ಕೇಳಿದಾಗ, "ಪಲ್ಪರ್ ಒಳಗೆ ತಲೆ ಇಟ್ಟ ಹಾಗಿತ್ತು ಮಗ, ಹಣ್ಣು ಮಾತ್ರ ಹಾಕಿರಲಿಲ್ಲ" ಎಂದರು. ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ನಾಲ್ವರಲ್ಲೂ ಮಂಗಳೂರಿನ ಅಂಕಿಯೇ ಮೇಲೆ.

ಡಿಫ್ಯೂಷನ್ ಜೊತೆಗೆ ನಾವು ತೆಗೆಯುತ್ತಿದ್ದ ವಿಶ್ರಾಂತ ಸ್ಥಿತಿಯ ಚಿತ್ರಣದಲ್ಲಿ ತಪ್ಪು ಬೇರೆ ಬಗೆಯದು. ಸುಮ್ಮನೆ ಮಲಗಿದವರ ಮಿದುಳಿನಲ್ಲೂ ಎಡ ಬಲ ಚಾಲಕ ಭಾಗಗಳ ಸಂಕೇತ ಜೊತೆಯಾಗಿ ಏರಿಳಿಯುತ್ತದೆಂದು ಭರತ್ ಬಿಸ್ವಾಲ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದ ಮೇಲೆ ಬೆಳೆದ ವಿಧಾನವಿದು. ಆ ಏರಿಳಿತ ತೀರಾ ಸಣ್ಣದು. ನಾವು ಇದನ್ನು ಡಿಫ್ಯೂಷನ್ ಆದ ಬೆನ್ನಿಗೇ ತೆಗೆಯುತ್ತಿದ್ದೆವು. ಗ್ರೇಡಿಯಂಟುಗಳು ಕಾದು ಯಂತ್ರದ ಆವರ್ತನ ನಿಧಾನವಾಗಿ ಜಾರುವ ಹೊತ್ತು ಅದು. ಅನುಕ್ರಮ ತಿರುಗಿಸಿ ವಿಶ್ರಾಂತ ಚಿತ್ರಣವನ್ನು ಮೊದಲಿಗೆ ತಂದೆವು. ಇನ್ನೊಂದೆಡೆ, 3 ಟೆಸ್ಲಾದಲ್ಲಿ ಈ ಚಿತ್ರಣ ನೆಚ್ಚಿಕೊಂಡ ರಕ್ತದ ಆಮ್ಲಜನಕದ ಸಂಕೇತ ಗಟ್ಟಿಯಾದರೂ ಕಿವಿ, ಮೂಗುಗಳ ಗಾಳಿಗೂಡಿನ ಬಳಿ ಚಿತ್ರ ಹೆಚ್ಚು ಸೊಟ್ಟಗಾಗಿ ಕೆಲವೆಡೆ ಅಳಿದೇ ಹೋಗುತ್ತದೆ. ಹಣೆಯ ಕೆಳಭಾಗದ ಜೋಡಣೆಗಳನ್ನು ಲೆಕ್ಕದಿಂದಲೇ ಬಿಟ್ಟೆ.

ಕಾಂಬ್ಯಾಟ್ ಎಂಬ ಸಂಖ್ಯಾಶಾಸ್ತ್ರದ ವಿಧಾನ ಹಾಕಿ ಯಂತ್ರಗಳ ವ್ಯತ್ಯಾಸ ಕಳೆದುಬಿಡಿ ಎಂದು ತಂಡದಲ್ಲಿ ಒತ್ತಾಯವಿತ್ತು. ವಿಧಾನ ಒಳ್ಳೆಯದೇ. ಆದರೆ ಒಂದು ಕಡೆಯವರೆಲ್ಲ ಒಂದು ಯಂತ್ರದಲ್ಲಿ, ಇನ್ನೊಂದು ಕಡೆಯವರೆಲ್ಲ ಇನ್ನೊಂದರಲ್ಲಿ ಇದ್ದಾಗ ಯಂತ್ರವನ್ನು ಕಳೆದರೆ ಜನರನ್ನೂ ಕಳೆದಂತೆಯೇ. ಯಾವುದು ಯಾರದೆಂದು ಬೇರ್ಪಡಿಸುವ ಹಿಡಿಕೆ ಅಂಕಿಗಳಲ್ಲಿ ಇರುವುದಿಲ್ಲ. ಇದನ್ನು ಒಪ್ಪಿಸಲು ನನಗೆ ಲೆಕ್ಕಕ್ಕಿಂತ ಹೆಚ್ಚು ದಿನ ಹಿಡಿಯಿತು. ಹಳೆಯ ಚಿತ್ರಗಳನ್ನು ಆಯಾ ಯಂತ್ರದ ಒಳಗಷ್ಟೇ, ವಯಸ್ಸಿನೊಂದಿಗೆ ಹೋಲಿಸಲು ಇಟ್ಟುಕೊಂಡು, ಉಳಿದವರನ್ನು ಚೀಟಿ ಎತ್ತಿ ಎರಡೂ ಊರುಗಳಿಗೆ ಹಂಚಿದೆವು. ಜೀಪಿನ ಬಾಡಿಗೆ ಮೊದಲು ಉಳಿಸಿದ್ದಕ್ಕಿಂತ ಹೆಚ್ಚಾಯಿತು. ಅಷ್ಟರಲ್ಲಿ ಒಂದು ಕೇಂದ್ರದವರು ನಮಗೆ ತಿಳಿಸದೆಯೇ ಯಂತ್ರದ ಸಾಫ್ಟ್‌ವೇರ್ ಬದಲಿಸಿದ್ದರಿಂದ ಹೊಸ ಅಗರಿನ ಡಬ್ಬಿ ಹಿಡಿದು ನಾನು ಇನ್ನೊಮ್ಮೆ ಘಟ್ಟ ಇಳಿದೆ.