ಮೀನಿನ ತೊಟ್ಟಿಯ ನೀರು ಮತ್ತು ಫಿಲ್ಟರ್: ಎಷ್ಟು ತೊಳೆಯಬೇಕು, ಎಷ್ಟು ಬಿಡಬೇಕು

ನೀರು ಕನ್ನಡಿಯಷ್ಟು ತಿಳಿಯಾಗಿರುತ್ತದೆ, ಆದರೂ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿರುತ್ತವೆ. ಹೆಚ್ಚಿನ ಮನೆಗಳಲ್ಲಿ ಇದು ಕಾಣಿಸಿಕೊಳ್ಳುವುದು ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಜಲ್ಲಿ, ಸ್ಪಂಜು, ಗಾಜು ಎಲ್ಲವನ್ನೂ ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದ ಎರಡು ಮೂರು ದಿನಗಳ ಮೇಲೆ. ಮೀನನ್ನು ಕಾಪಾಡುತ್ತಿದ್ದ ಜೀವಿಗಳೇ ಆ ತೊಳೆತದಲ್ಲಿ ಹೋಗಿಬಿಟ್ಟಿರುತ್ತವೆ. ಕಸ ಹಿಡಿಯುವುದು ಫಿಲ್ಟರಿನ ಸಣ್ಣ ಕೆಲಸ. ಅದರ ದೊಡ್ಡ ಕೆಲಸ ಬ್ಯಾಕ್ಟೀರಿಯಾಗಳಿಗೆ ಮನೆಯಾಗಿರುವುದು.

ಮೀನಿನ ಕಿವಿರುಗಳಿಂದ ಅಮೋನಿಯಾ ಸದಾ ಹೊರಬರುತ್ತಿರುತ್ತದೆ. ಹಿಕ್ಕೆ, ತಿನ್ನದೆ ಉಳಿದ ಆಹಾರ, ಕೊಳೆತ ಎಲೆಗಳಿಂದ ಬರುವುದೂ ಅದಕ್ಕೆ ಸೇರುತ್ತದೆ. ಸ್ಪಂಜು, ಸೆರಾಮಿಕ್ ಉಂಗುರ, ಜಲ್ಲಿಗಳ ಮೇಲೆ ಪದರವಾಗಿ ಬೆಳೆದ ಒಂದು ಬಗೆಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ. ನೀರಿನ ಪರೀಕ್ಷಾ ಕಿಟ್ಟಿನಲ್ಲಿ ನೋಡಿದಾಗ ಅವು ಸೊನ್ನೆ ಇರಬೇಕು. ನೈಟ್ರೇಟ್ 40 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಅಳತೆ) ಒಳಗಿದ್ದರೆ ಸಾಮಾನ್ಯ ಮೀನುಗಳು ತಾಳಿಕೊಳ್ಳುತ್ತವೆ, 20ರ ಒಳಗಿದ್ದರೆ ಒಳ್ಳೆಯದು.

ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ತುಂಬಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಮೀನು ಬಿಡದೆಯೇ ಇದನ್ನು ಮುಗಿಸಬಹುದು: ಬಣ್ಣ, ಸುವಾಸನೆ, ಸೋಪು ಸೇರದ ಶುದ್ಧ ಅಮೋನಿಯಾ ದ್ರಾವಣವನ್ನು 2 ಪಿಪಿಎಂ ಬರುವಷ್ಟು ಹಾಕಿ, ಫಿಲ್ಟರ್ ಹಗಲೂ ರಾತ್ರಿ ಓಡಲಿ. ಹಾಕಿದ 2 ಪಿಪಿಎಂ 24 ಗಂಟೆಯೊಳಗೆ ಅಮೋನಿಯಾವಾಗಿಯೂ ನೈಟ್ರೈಟಾಗಿಯೂ ಸೊನ್ನೆಗೆ ಇಳಿದ ದಿನ ತೊಟ್ಟಿ ಸಿದ್ಧವಾಯಿತು ಎನ್ನಬಹುದು. ಆರೋಗ್ಯವಾಗಿರುವ ಹಳೆಯ ತೊಟ್ಟಿಯ ಸ್ಪಂಜಿನ ತುಂಡೊಂದು ಸಿಕ್ಕಿದರೆ ಕಾಯುವ ಕಾಲ ಬಹಳ ಕಡಿಮೆಯಾಗುತ್ತದೆ. ಅದನ್ನು ಒದ್ದೆಯಾಗಿಯೇ ತಂದು ತಡಮಾಡದೆ ಫಿಲ್ಟರಿಗೆ ಸೇರಿಸಿ. ನಡುವೆ ನೀರು ಹಾಲಿನಂತೆ ಮಬ್ಬಾದರೆ ಗಾಬರಿಯಾಗಿ ನೀರು ಚೆಲ್ಲಬೇಡಿ. ಅದು ನೀರಿನಲ್ಲಿ ತೇಲುವ ಬೇರೆ ಬ್ಯಾಕ್ಟೀರಿಯಾಗಳ ದಟ್ಟಣೆ, ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ.

ನೀರು ಬದಲಿಸುವುದು

ಮೊದಲು ನಿಮ್ಮ ತೊಟ್ಟಿ ಎಷ್ಟು ಲೀಟರಿನದು ಎಂದು ಲೆಕ್ಕ ಹಾಕಿ. ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. 60 × 30 × 35 ಎಂದರೆ 63 ಲೀಟರ್. ಜಲ್ಲಿ, ಕಲ್ಲು ತೆಗೆದುಕೊಳ್ಳುವ ಜಾಗ ಕಳೆದರೆ 55ರ ಆಸುಪಾಸು. ಔಷಧಿ ಹಾಕುವಾಗಲೂ ಲೆಕ್ಕಕ್ಕೆ ಬರಬೇಕಾದದ್ದು ಈ ಎರಡನೆಯ ಸಂಖ್ಯೆ.

ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿ ಎಂಬ ಮಾತು ಎಲ್ಲರಿಗೂ ಗೊತ್ತು. ಆದರೆ ಅದು ನಿಮ್ಮ ತೊಟ್ಟಿಗೆ ಸಾಕೇ ಎಂದು ನೋಡಿಕೊಳ್ಳಬೇಕು. ವಾರಕ್ಕೆ 10 ಪಿಪಿಎಂ ನೈಟ್ರೇಟ್ ಏರುವ ತೊಟ್ಟಿಯಲ್ಲಿ ಪ್ರತಿ ವಾರ ಕಾಲು ಭಾಗ ಬದಲಿಸುತ್ತ ಹೋದರೆ, ಕೊನೆಗೆ ಬದಲಿಸುವ ಮುನ್ನ 40, ಬದಲಿಸಿದ ಮೇಲೆ 30 ಎಂಬಲ್ಲಿ ನಿಲ್ಲುತ್ತದೆ. ಅರ್ಧ ಬದಲಿಸಿದರೆ 20 ಮತ್ತು 10. ವಾರದ ಏರಿಕೆಯನ್ನು ಬದಲಿಸುವ ಪಾಲಿನಿಂದ ಭಾಗಿಸಿದರೆ ಮೇಲಿನ ಮಿತಿ ಸಿಗುತ್ತದೆ. ಆವಿಯಾದಷ್ಟು ನೀರು ತುಂಬಿಸುವುದು ಬದಲಿಸಿದಂತೆ ಅಲ್ಲವೇ ಅಲ್ಲ. ಆವಿಯಾಗುವುದು ಬರೀ ನೀರು, ಲವಣ ಮತ್ತು ನೈಟ್ರೇಟ್ ಅಲ್ಲೇ ಉಳಿದು ಗಟ್ಟಿಯಾಗುತ್ತವೆ.

ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಗಾಳಿಯಾಡಿಸಿದರೆ ಕ್ಲೋರಿನ್ ಹೋಗುತ್ತದೆ. ಆದರೆ ಕೆಲವು ಕಡೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿದ ಕ್ಲೋರಮಿನ್ ಬಳಸುತ್ತಾರೆ, ಅದು ಇಟ್ಟರೆ ಹೋಗದು. ಸೋಡಿಯಂ ಥಯೋಸಲ್ಫೇಟ್ ಇರುವ ಕಂಡೀಷನರ್ (ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ದ್ರವ) ಹಾಕಿದರೆ ಕ್ಲೋರಮಿನ್ ಒಡೆಯುತ್ತದೆ, ಅದರಲ್ಲಿದ್ದ ಅಮೋನಿಯಾ ಮಾತ್ರ ನೀರಿನಲ್ಲಿ ಉಳಿಯುತ್ತದೆ. ಹಾಗಾಗಿ ಅಮೋನಿಯಾವನ್ನೂ ಹಿಡಿದಿಡುವ ಕಂಡೀಷನರ್ ಆರಿಸಿ. ಕೊಳವೆ ಬಾವಿ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಆದರೆ ಕರಗಿದ ಇಂಗಾಲದ ಡೈಆಕ್ಸೈಡ್ ಹೆಚ್ಚಿರಬಹುದು. ಏರ್ ಪಂಪ್ ಹಾಕಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ನೀರು ಹೆಚ್ಚು ಆಮ್ಲೀಯ) ನೋಡಿದರೆ ನಿಜವಾದ ಅಂಕಿ ತಿಳಿಯುತ್ತದೆ. ಆರ್‌ಒ ನೀರನ್ನು ಹಾಗೇ ತುಂಬಿಸಬೇಡಿ, ಅದರಲ್ಲಿ ಮೀನಿಗೆ ಬೇಕಾದ ಖನಿಜಗಳು ಉಳಿದಿರುವುದಿಲ್ಲ.

ಕೆಲಸಕ್ಕೆ ಕೈ ಹಾಕುವ ಮೊದಲು ಹೀಟರ್ ಸ್ವಿಚ್ ಆಫ್ ಮಾಡಿ 15 ನಿಮಿಷ ಬಿಡಿ. ಬಿಸಿ ಹೀಟರ್ ನೀರಿನಿಂದ ಹೊರಬಂದರೆ ಗಾಜು ಸೀಳುತ್ತದೆ. ಸೈಫನ್ ಕೊಳವೆಯನ್ನು ಜಲ್ಲಿಯೊಳಗೆ ಚುಚ್ಚಿ, ಕೊಳೆ ಮೇಲೇಳುವುದು ನಿಂತ ಮೇಲೆ ಪಕ್ಕಕ್ಕೆ ಸರಿಸುತ್ತ ಹೋಗಿ. ಒಂದು ಸಲಕ್ಕೆ ಅರ್ಧ ತಳ ಸಾಕು, ಉಳಿದರ್ಧ ಮುಂದಿನ ವಾರ. ಹೊಸ ನೀರಿನ ಬಿಸುಪು ತೊಟ್ಟಿಯ ನೀರಿಗಿಂತ 1 ಅಥವಾ 2 ಡಿಗ್ರಿಗಿಂತ ಹೆಚ್ಚು ಬೇರೆಯಾಗಿರಬಾರದು. ಈ ಬಕೆಟ್ಟು, ಪೈಪುಗಳಿಗೆ ಸೋಪು ಎಂದೂ ತಾಗಬಾರದು.

ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿಯನ್ನು ಒಂದೇ ದಿನ ಸರಿಪಡಿಸಲು ಹೋಗಬೇಡಿ. ಇದು ಮುಖ್ಯ. ಅಂಥ ತೊಟ್ಟಿಯಲ್ಲಿ ಪಿಎಚ್ ಇಳಿಯದಂತೆ ಹಿಡಿದಿಡುವ ಕಾರ್ಬೊನೇಟ್ ಖರ್ಚಾಗಿ ಪಿಎಚ್ ಕುಸಿದಿರುತ್ತದೆ, ಬ್ಯಾಕ್ಟೀರಿಯಾಗಳ ಕೆಲಸವೂ ಕುಂಟುತ್ತಿರುತ್ತದೆ. ಜಮೆಯಾದ ಅಮೋನಿಯಾ ಆಮ್ಲೀಯ ನೀರಿನಲ್ಲಿ ಅಷ್ಟಾಗಿ ಹಾನಿ ಮಾಡದ ಅಮೋನಿಯಂ ರೂಪದಲ್ಲಿ ಇರುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ವಿಷರೂಪ ನೂರರಲ್ಲಿ ಒಂದು ಪಾಲಿಗೂ ಕಡಿಮೆ, 8 ಇದ್ದಾಗ ಸುಮಾರು ಐದು ಪಾಲು. ಪಿಎಚ್ ಹೆಚ್ಚಿರುವ ಹೊಸ ನೀರನ್ನು ಒಮ್ಮೆಲೇ ಅರ್ಧ ತೊಟ್ಟಿ ಸುರಿದರೆ, ಶುದ್ಧ ನೀರು ಹಾಕಿದ ರಾತ್ರಿಯೇ ಮೀನುಗಳು ಸಾಯುತ್ತವೆ. ದಿನಕ್ಕೆ ನೂರರಲ್ಲಿ 10 ಪಾಲಿನಂತೆ ವಾರವಿಡೀ ಬದಲಿಸಿ.

ಫಿಲ್ಟರ್

ಗಂಟೆಗೆ ತೊಟ್ಟಿಯ ನೀರು ನಾಲ್ಕರಿಂದ ಆರು ಸಲ ಫಿಲ್ಟರಿನಲ್ಲಿ ಹಾದುಹೋಗಬೇಕು. 60 ಲೀಟರಿನ ತೊಟ್ಟಿಗೆ ಅದು ಗಂಟೆಗೆ 240ರಿಂದ 360 ಲೀಟರ್. ಪಂಪಿನ ಮೇಲೆ ಬರೆದಿರುವ ಅಂಕಿ ಖಾಲಿ ಫಿಲ್ಟರಿನದು, ಸ್ಪಂಜು ತುಂಬಿದ ಮೇಲೆ ಹರಿವು ಇಳಿಯುತ್ತದೆ. ಹಾಗಾಗಿ ಸ್ವಲ್ಪ ದೊಡ್ಡದನ್ನೇ ಕೊಳ್ಳಿ. ನೀರು ಮೊದಲು ಒರಟು ಸ್ಪಂಜು, ಆಮೇಲೆ ನಯ ಸ್ಪಂಜು, ಕೊನೆಗೆ ಸೆರಾಮಿಕ್ ಉಂಗುರಗಳನ್ನು ಮುಟ್ಟುವಂತೆ ಜೋಡಿಸಿ. ಈ ಕ್ರಮ ತಿರುಗಾಮುರುಗಾ ಆದರೆ ಉಂಗುರಗಳ ಸೂಕ್ಷ್ಮ ರಂಧ್ರಗಳು ಕೊಳೆಯಿಂದ ಮುಚ್ಚಿಕೊಳ್ಳುತ್ತವೆ.

ತೊಳೆಯಬೇಕಾದ ಹೊತ್ತನ್ನು ಹರಿವೇ ಹೇಳುತ್ತದೆ. ನೀರು ಬೀಳುವ ರಭಸ ಕಣ್ಣಿಗೆ ಕಾಣುವಷ್ಟು ಕುಗ್ಗಿದಾಗ, ತೊಟ್ಟಿಯಿಂದ ತೆಗೆದ ನೀರನ್ನೇ ಬಕೆಟ್ಟಿನಲ್ಲಿ ಹಿಡಿದು ಸ್ಪಂಜನ್ನು ಅದರೊಳಗೆ ನಾಲ್ಕೈದು ಸಲ ಹಿಂಡಿ. ಸ್ಪಂಜು ಹೊಸದರಂತೆ ಬೆಳ್ಳಗಾಗಬೇಕಿಲ್ಲ, ಕಂದು ಬಣ್ಣ ಉಳಿಯಲಿ. ಉಂಗುರಗಳನ್ನು ಅದೇ ನೀರಿನಲ್ಲಿ ಒಮ್ಮೆ ಅಲುಗಿಸಿದರೆ ಆಯಿತು, ಅದೂ ಕೆಲವು ತಿಂಗಳಿಗೊಮ್ಮೆ. ಉಜ್ಜಿ ತೊಳೆಯಬೇಕಾದದ್ದು ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ಮತ್ತು ಅದು ಕೂರುವ ಗುಂಡಿ. ಅಲ್ಲಿ ಲೋಳೆ ಕಟ್ಟಿದರೆ ಪಂಪು ಗರಗರ ಸದ್ದು ಮಾಡಿ ಕೊನೆಗೆ ನಿಂತುಹೋಗುತ್ತದೆ.

ಹಳೆಯ ಸ್ಪಂಜು ಹರಿದು ಹೋದರೆ ಮಾತ್ರ ಬದಲಿಸಿ. ಆಗಲೂ ಹೊಸದನ್ನು ಹಳೆಯದರ ಜೊತೆಗೆ ನಾಲ್ಕು ವಾರ ಓಡಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ. ತಿಂಗಳಿಗೊಂದು ಕಾರ್ಟ್ರಿಜ್ (ಸಿದ್ಧವಾಗಿ ಬರುವ ಫಿಲ್ಟರ್ ತುಂಡು) ಎಸೆಯಿರಿ ಎಂಬ ಸೂಚನೆ ಪಾಲಿಸುವವರು ತಿಂಗಳಿಗೊಮ್ಮೆ ತೊಟ್ಟಿಯನ್ನು ಮೊದಲಿನಿಂದ ಶುರು ಮಾಡಿದಂತೆ. ಕ್ರಿಯಾಶೀಲ ಇದ್ದಿಲು ದಿನವೂ ಬೇಕಾಗಿಲ್ಲ. ಔಷಧಿಯ ಉಳಿಕೆ ತೆಗೆಯಲು ಅದು ಉಪಯುಕ್ತ, ಕೆಲವು ವಾರಗಳಲ್ಲಿ ಅದರ ಶಕ್ತಿ ಮುಗಿಯುತ್ತದೆ. ಔಷಧಿ ಹಾಕುವಾಗ ಇದ್ದಿಲನ್ನು ಹೊರತೆಗೆಯದಿದ್ದರೆ ಔಷಧಿಯೇ ಅದರೊಳಗೆ ಸೇರಿಹೋಗುತ್ತದೆ. ಮಿಥಿಲೀನ್ ಬ್ಲೂ ಎಂಬ ನೀಲಿ ಔಷಧಿ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ಮಾರಕ, ಅದರ ಚಿಕಿತ್ಸೆ ಬೇರೆ ಪಾತ್ರೆಯಲ್ಲೇ ನಡೆಯಲಿ.

ಏರ್ ಪಂಪ್ ಬಳಸುವವರು ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ನಳಿಕೆಗೆ ಚೆಕ್ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟು ಹೋದಾಗ ನೀರು ನಳಿಕೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೂ ನೆಲಕ್ಕೂ ಇಳಿಯುತ್ತದೆ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಜೋತು ಆಮೇಲೆ ಮೇಲೇರಲಿ, ಹನಿ ಪ್ಲಗ್ಗಿನೊಳಗೆ ಹೋಗುವುದಿಲ್ಲ.

ತೊಂದರೆ ಬಂದಾಗ

ಪರೀಕ್ಷೆಯಲ್ಲಿ ಅಮೋನಿಯಾ ಅಥವಾ ನೈಟ್ರೈಟ್ ಕಾಣಿಸಿದರೆ ಆಹಾರ ನಿಲ್ಲಿಸಿ, ಪಿಎಚ್ ಕುಸಿದಿಲ್ಲ ಎಂದು ಖಚಿತ ಮಾಡಿಕೊಂಡು ಮೂರನೇ ಒಂದು ಭಾಗ ನೀರು ಬದಲಿಸಿ, ಮರುದಿನ ಮತ್ತೆ ಪರೀಕ್ಷಿಸಿ. ನೈಟ್ರೈಟ್ ರಕ್ತ ಆಮ್ಲಜನಕ ಒಯ್ಯುವುದನ್ನು ತಡೆಯುತ್ತದೆ, ಕಿವಿರು ಕಂದಾಗುತ್ತದೆ. 10 ಲೀಟರಿಗೆ 1 ಗ್ರಾಂ ಬರೀ ಉಪ್ಪು ಕರಗಿಸಿ ಹಾಕಿದರೆ ಅದರ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಬಿಡದೆ ತಡೆಯುತ್ತದೆ. ನೈಟ್ರೇಟ್ ಪರೀಕ್ಷೆ ಮಾಡುವಾಗ ಕಿಟ್ಟಿನ ದ್ರಾವಣದ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಿ. ತಳದಲ್ಲಿ ಕೂತ ಪುಡಿ ಕರಗದಿದ್ದರೆ ಇಲ್ಲದ ಸೊನ್ನೆ ತೋರಿಸುತ್ತದೆ. ನೀರು ಹಸಿರಾದರೆ ಬೆಳಕನ್ನು ದಿನಕ್ಕೆ ಆರರಿಂದ ಎಂಟು ಗಂಟೆಗೆ ಇಳಿಸಿ, ಕಿಟಕಿಯ ಬಿಸಿಲು ತಪ್ಪಿಸಿ.

ಕರೆಂಟು ಒಂದೆರಡು ಗಂಟೆ ಹೋದರೆ ಚಿಂತೆಯಿಲ್ಲ. ಹೆಚ್ಚು ಹೊತ್ತಾದರೆ, ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರಿನೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಸ್ಪಂಜು, ಉಂಗುರಗಳನ್ನು ಹೊರತೆಗೆದು ತೊಟ್ಟಿಯ ನೀರಿನಲ್ಲೇ ಇಡಿ, ಬ್ಯಾಟರಿಯ ಏರ್ ಪಂಪ್ ಇದ್ದರೆ ಪಕ್ಕದಲ್ಲಿ ಹಾಕಿ. ಕರೆಂಟು ಬಂದ ತಕ್ಷಣ ಕ್ಯಾನಿಸ್ಟರನ್ನು ಹಾಗೇ ಚಾಲೂ ಮಾಡಬೇಡಿ. ಒಳಗೆ ನಿಂತ ನಾರುವ ನೀರನ್ನು ಚೆಲ್ಲಿ, ತೊಟ್ಟಿಯ ನೀರಿನಿಂದ ಒಮ್ಮೆ ಜಾಲಾಡಿಸಿ ಆಮೇಲೆ ಓಡಿಸಿ. ಆ ದಿನ ಆಹಾರ ಬೇಡ, ಮರುದಿನ ಬೆಳಿಗ್ಗೆ ಮೊದಲು ಅಮೋನಿಯಾ ನೋಡಿ.