ಸೈಟೋ, ಮನೆಯೋ, ತೋಟವೋ: ತುಮಕೂರಿನಲ್ಲಿ ನಾನು ಆರಿಸುವ ಕ್ರಮ

ಜಾಗ ನೋಡಲು ಹೊರಡುವ ಮೊದಲೇ ನಾನು ತೀರ್ಮಾನಿಸಿಕೊಳ್ಳುವುದು ಒಂದೇ: ಹಾಕುವ ದುಡ್ಡು ತಿಂಗಳು ತಿಂಗಳು ಬಾಡಿಗೆ ತರಬೇಕೋ, ಎಂಟು ಹತ್ತು ವರ್ಷ ಸುಮ್ಮನೆ ಬಿದ್ದಿದ್ದರೂ ನಡೆದೀತೋ. ಸಾಲ ಮಾಡಿ ಕೊಳ್ಳುವವರಿಗೆ ಖಾಲಿ ಸೈಟು ಬೇಡವೇ ಬೇಡ ಎನ್ನುತ್ತೇನೆ. ಕಂತು ಓಡುತ್ತಿರುತ್ತದೆ, ಸೈಟಿನಿಂದ ಒಂದು ರೂಪಾಯಿ ಹುಟ್ಟುವುದಿಲ್ಲ.

ಮನೆಯಾದರೆ ಬಾಡಿಗೆಯನ್ನು ಪೂರ್ತಿ ಖರ್ಚಿನ ಮೇಲೆ ಲೆಕ್ಕ ಹಾಕಬೇಕು. ಎರಡು ಮಹಡಿಯ ಮನೆಗೆ 60 ಲಕ್ಷ, ಮಹಡಿಗೆ 9 ಸಾವಿರ ಬಾಡಿಗೆ ಎಂದುಕೊಳ್ಳಿ. ವರ್ಷಕ್ಕೆ 2.16 ಲಕ್ಷ. ಒಂದು ತಿಂಗಳು ಖಾಲಿ ಬಿದ್ದರೆ 18 ಸಾವಿರ ಹೋಯಿತು. ಕಂದಾಯ, ಸುಣ್ಣಬಣ್ಣ, ಮೋಟಾರು ರಿಪೇರಿಗೆ 28 ಸಾವಿರ. ಕೈಗೆ ಉಳಿಯುವುದು 1.70 ಲಕ್ಷ. ನಗರದಲ್ಲಿ ಸೆಸ್, ಸರ್‌ಚಾರ್ಜ್ ಸೇರಿ ಮುದ್ರಾಂಕ ಶುಲ್ಕ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಹಾಗಾಗಿ ಹಾಕಿದ ದುಡ್ಡು 60 ಅಲ್ಲ, 64.56 ಲಕ್ಷ. ಹುಟ್ಟುವಳಿ ಶೇ. 2.6 ಮಾತ್ರ. ನೆಲದ ಬೆಲೆ ಏರುವ ಬಡಾವಣೆಯಲ್ಲದಿದ್ದರೆ ಈ ಮನೆ ಕೊಳ್ಳುವುದಕ್ಕಿಂತ ಬ್ಯಾಂಕಿನ ಠೇವಣಿಯೇ ಮೇಲು.

ಬಿ.ಎಚ್. ರಸ್ತೆಯ ಕಾಲೇಜುಗಳ ಸುತ್ತ ವಿದ್ಯಾರ್ಥಿಗಳು, ವಸಂತನರಸಾಪುರದ ಕಡೆ ಕಾರ್ಖಾನೆಯವರು ಬಾಡಿಗೆಗೆ ಬರುತ್ತಾರೆ. ಮೊದಲನೆಯದರಲ್ಲಿ ರಜೆಯ ತಿಂಗಳುಗಳು ಖಾಲಿ. ಎರಡನೆಯದರಲ್ಲಿ ದೊಡ್ಡ ಮನೆಗಿಂತ ಒಂದೊಂದು ರೂಮಿನ ಸಾಲುಮನೆಗೇ ಕೇಳುವವರು ಹೆಚ್ಚು. ನಲ್ಲಿಯಲ್ಲಿ ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರು ಬರುತ್ತದೋ, ಬೋರ್‌ವೆಲ್ಲೇ ಗತಿಯೋ ಎಂದು ಅಕ್ಕಪಕ್ಕದ ಮನೆಯವರನ್ನೇ ಕೇಳುತ್ತೇನೆ, ಅದೂ ಏಪ್ರಿಲ್‌ನಲ್ಲಿ. ಮಾರುವವರು ಮಳೆಗಾಲದ ಮಾತು ಹೇಳುತ್ತಾರೆ.

ಸೈಟಾದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ ಭೂಪರಿವರ್ತನೆ ಆದೇಶ, ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ಬಡಾವಣೆ ನಕ್ಷೆ, ಸ್ಥಳೀಯ ಸಂಸ್ಥೆ ಕೊಡುವ ಇ-ಖಾತಾ ಮೂರೂ ಬೇಕು. ಜಮೀನನ್ನು ಗುಂಟೆ ಲೆಕ್ಕದಲ್ಲಿ ಹರಿದು ಮಾರುವ ರೆವಿನ್ಯೂ ಸೈಟು ಅಗ್ಗವೇನೋ ಹೌದು. ಆದರೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ, ನಾಳೆ ನಿಮ್ಮಿಂದ ಕೊಳ್ಳುವವನಿಗೂ ಅದೇ ತಾಪತ್ರಯ. ಕಾಗದ ಸರಿಯಿದ್ದರೆ ಟೇಪು ಹಿಡಿದು ಜಾಗಕ್ಕೆ ಹೋಗುತ್ತೇನೆ. 30×40 ಸೈಟಿನ ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಅಳೆಯಬೇಕು. ಎರಡೂ ಕಡೆ 50 ಅಡಿ ಬರಬೇಕು. ಒಂದು ಕಡೆ 48, ಇನ್ನೊಂದು ಕಡೆ 52ರ ಹತ್ತಿರ ಬಂದರೆ ಸೈಟು ಸೊಟ್ಟಗಿದೆ, ಪಾಯ ಹಾಕುವಾಗ ಪಕ್ಕದವರೊಡನೆ ಜಗಳ ಖಾತ್ರಿ. ಆಮೇಲೆ ಕ್ರಯಪತ್ರದ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಓದುತ್ತ ನಾಲ್ಕು ದಿಕ್ಕಿಗೂ ತಿರುಗಿ ನೋಡುತ್ತೇನೆ.

ಮಳಿಗೆಗೆ ಬಾಡಿಗೆ ಮನೆಗಿಂತ ಚೆನ್ನಾಗಿ ಬರುತ್ತದೆ, ಖಾಲಿಯಾದರೆ ತಿಂಗಳುಗಟ್ಟಲೆ ಖಾಲಿ. ರಸ್ತೆ ಅಗಲೀಕರಣದ ಗೆರೆ ಎಲ್ಲಿದೆ ಎಂದು ಕೇಳದೆ ಮುಟ್ಟಬೇಡಿ.

ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ತೋಟದ ಪಕ್ಕದಲ್ಲೇ ಇರುವವರಿಗಷ್ಟೇ ಅದು ಸರಿ. ದೂರದಲ್ಲಿದ್ದು ಗುಬ್ಬಿಯಲ್ಲೋ ತಿಪಟೂರಿನಲ್ಲೋ ತೆಂಗು ನೋಡಿಕೊಳ್ಳುತ್ತೇನೆಂದರೆ ಆಗದ ಮಾತು. ಪಹಣಿಯ 3ನೇ ಕಾಲಂನಲ್ಲಿ ಖರಾಬು (ಸಾಗುವಳಿಗೆ ಲೆಕ್ಕಕ್ಕಿಲ್ಲದ ಜಾಗ) ಎಷ್ಟು ಕಳೆದಿದೆ ನೋಡಿ: ಬಿ ಖರಾಬು ದಾರಿ, ಹಳ್ಳ, ಸ್ಮಶಾನಕ್ಕೆ ಸೇರಿದ್ದು, ಅದಕ್ಕೆ ದುಡ್ಡು ಕೊಡಬಾರದು. 11ನೇ ಕಾಲಂನಲ್ಲಿ ಸಾಲ, ಇತರರ ಹಕ್ಕು ಇರುತ್ತದೆ. ಸರ್ವೆ ನಂಬರಿನಲ್ಲಿ ಒಂದು ಭಾಗವಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ಇಲಾಖೆಯ 11ಇ ನಕ್ಷೆ ಬೇಕು. ಮೂಲದಲ್ಲಿ ಸರ್ಕಾರದಿಂದ ಮಂಜೂರಾದ ಜಮೀನೋ ಎಂದು ಹಿಂದಕ್ಕೆ ಹುಡುಕಲೇಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನು ಸರ್ಕಾರದ ಅನುಮತಿಯಿಲ್ಲದೆ ಕೈ ಬದಲಾಗಿದ್ದರೆ ಇಂಥ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಕ್ರಯ ನಿಲ್ಲದು. 2023ರ ತಿದ್ದುಪಡಿಯಂತೆ ಅದನ್ನು ಪ್ರಶ್ನಿಸಲು ಕಾಲಮಿತಿಯೂ ಇಲ್ಲ. ಆ ಕುಟುಂಬಕ್ಕೆ ನ್ಯಾಯವಾಗಿ ಸೇರಬೇಕಾದ ನೆಲ ಅದು, ದೂರವಿರುವುದೇ ಸರಿ.

ಯಾವ ಬಗೆಯ ಆಸ್ತಿಯಾದರೂ 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸುತ್ತೇನೆ. ಆದರೆ ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ಹೆಣ್ಣುಮಕ್ಕಳ ಹಕ್ಕು ಅದರಲ್ಲಿ ಕಾಣುವುದಿಲ್ಲ. ಪಿತ್ರಾರ್ಜಿತವಾದರೆ ವಂಶವೃಕ್ಷ ಮುಂದಿಟ್ಟುಕೊಂಡು ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರನ್ನೂ ಒಂದೊಂದಾಗಿ ಗುರುತು ಹಾಕುತ್ತೇನೆ. ಅವರೆಲ್ಲ ಬಂದು ಸಹಿ ಹಾಕುವರೆಂದು ಖಾತ್ರಿಯಾಗುವವರೆಗೆ ಮುಂಗಡ ಕೊಡುವುದಿಲ್ಲ, ಕೊಟ್ಟರೂ ಕರಾರುಪತ್ರವನ್ನು ನೋಂದಣಿ ಮಾಡಿಸಿಯೇ.