ಕತೆ ಓದಿ, ಪರೀಕ್ಷೆ ಮಾಡಬೇಡಿ

ಮೊನ್ನೆ ನೆಂಟರ ಮನೆಯಲ್ಲಿ ನೋಡಿದೆ. ಮೂರು ವರ್ಷದ ಹುಡುಗ ಅಪ್ಪನ ತೊಡೆ ಮೇಲೆ ಕೂತಿದ್ದ. ಎದುರಿಗೆ ಚಿತ್ರದ ಪುಸ್ತಕ. "ಇದೇನು? ಬಣ್ಣ ಯಾವುದು? ಎಷ್ಟು ಕಾಲು?" ನಾಲ್ಕನೇ ಪುಟಕ್ಕೆ ಹುಡುಗ ಇಳಿದು ಓಡಿದ. "ಇವನಿಗೆ ಪುಸ್ತಕ ಅಂದ್ರೆ ಆಗಲ್ಲ" ಅಂದರು ಅಪ್ಪ. ಪುಸ್ತಕ ಆಗುತ್ತದೆ ಸ್ವಾಮಿ, ಪರೀಕ್ಷೆ ಆಗಲ್ಲ.

ಮೊದಲು ಪುಸ್ತಕ. ದೊಡ್ಡ ಚಿತ್ರ, ಪುಟಕ್ಕೆ ಎರಡು ಮೂರು ಸಾಲು ಇದ್ದರೆ ಸಾಕು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕತೆಗಳು ಪುಕ್ಕಟೆ ಸಿಗುತ್ತವೆ. ಗುಂಡಿ ಒತ್ತಿದರೆ ಕೂಗುವ ಪುಸ್ತಕ ಮಾತ್ರ ತರಬೇಡಿ. ಮಗು ಗುಂಡಿ ಒತ್ತುತ್ತದೆ, ಕತೆ ಕೇಳುವುದಿಲ್ಲ.

ಮಲಗುವ ಮುಂಚೆ ಹತ್ತು ನಿಮಿಷ ಸಾಕು. ಮೊದಲ ಸಲ ಸುಮ್ನೆ ಓದಿ.

ಎಲ್ಲರೂ ಎಡವುವುದು ಎರಡನೇ ಓದಿನಲ್ಲಿ. ಪುಟಕ್ಕೆ ಒಂದೇ ಪ್ರಶ್ನೆ ಕೇಳಿ, ಅದೂ ಒಂದೇ ಪದದಲ್ಲಿ ಉತ್ತರ ಮುಗಿಯದಂಥದ್ದು. "ಇಲ್ಲೇನಾಗ್ತಿದೆ?" ಅಂತ ಕೇಳಿದರೂ ಆಯ್ತು. ಕೇಳಿ ಬಾಯಿ ಮುಚ್ಚಿಕೊಳ್ಳಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ನಮ್ಮಲ್ಲಿ ಮೂರು ದಾಟುವವರೇ ಕಡಿಮೆ, ಅಷ್ಟರಲ್ಲಿ ಉತ್ತರ ನಾವೇ ಹೇಳಿಬಿಟ್ಟಿರುತ್ತೇವೆ. ಮಗು "ನಾಯಿ" ಅಂದರೆ "ಹೂಂ, ನಾಯಿ. ಒದ್ದೆ ನಾಯಿ. ಎಲ್ಲಿ ನೆನೀತೋ ಏನೋ" ಅನ್ನಿ. ಅದರ ಒಂದು ಪದಕ್ಕೆ ನಿಮ್ಮದು ಒಂದೆರಡು ಸೇರಿಸಿ, ಅಷ್ಟೇ. ನರಿಯನ್ನು ನೋಡಿ ಬೆಕ್ಕು ಅಂದರೆ "ತಪ್ಪು" ಅನ್ನಬೇಡಿ. "ಬೆಕ್ಕಿನ ಥರಾನೇ ಇದೆ, ಅಲ್ವಾ? ಬಾಲ ನೋಡಿದರೆ ನನಗೆ ನರಿ ಅನ್ಸುತ್ತೆ."

ಇದು ಬರೀ ನನ್ನ ಹಟ ಅಲ್ಲ. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಯವರು ಎರಡು ವರ್ಷದ ಆಸುಪಾಸಿನ ಮಕ್ಕಳ ಮೇಲೆ ಇದನ್ನು ನೋಡಿ 1988ರಲ್ಲಿ ಪ್ರಕಟಿಸಿದರು. ತಂದೆತಾಯಿಯರನ್ನು ಎರಡು ಗುಂಪು ಮಾಡಿದ್ದರು, ಒಂದು ತಿಂಗಳು ಎರಡೂ ಗುಂಪಿನವರು ಪುಸ್ತಕ ಓದಿದರು. ಹೀಗೆ ಕೇಳಿ, ಕಾದು, ಸೇರಿಸಿ ಓದಿದವರ ಮಕ್ಕಳೇ ಮಾತಿನಲ್ಲಿ ಮುಂದೆ ಇದ್ದರು.

ಮನೆಮಾತು ತುಳುವೋ ಉರ್ದುವೋ ಆಗಿದ್ದರೆ ಹರಟೆ ಅದರಲ್ಲೇ ಇರಲಿ. ಓದು ಬಾರದ ಅಜ್ಜಿಯ ಕೈಗೂ ಪುಸ್ತಕ ಕೊಡಿ. ಚಿತ್ರ ನೋಡಿಕೊಂಡು ಅವರು ಕಟ್ಟುವ ಕತೆ ಎಷ್ಟೋ ಸಲ ಅಚ್ಚಾದದ್ದಕ್ಕಿಂತ ಚೆನ್ನಾಗಿರುತ್ತದೆ.

ಆಮೇಲೆ ಶಬ್ದದ ಆಟ. ತಟ್ಟೆ ಗಿಟ್ಟೆ, ಮನೆ ಗಿನೆ ಅಂತ ನಾವು ಅಂತೀವಲ್ಲ, ಅದೇ. ನೀವು "ಬೆಕ್ಕು" ಅನ್ನಿ, ಮಗು "ಗಿಕ್ಕು" ಅನ್ನಲಿ. ಪದದ ಮೊದಲ ತುಂಡನ್ನು ಕಿತ್ತು ಬೇರೆಯದನ್ನು ಅಂಟಿಸುವುದು ಕಿವಿಯ ಕೆಲಸ. ಓದಲು ಕಲಿಯುವಾಗ ಇದೇ ಕಿವಿ ಬೇಕು. ಖರ್ಚೂ ಇಲ್ಲ, ಬಸ್ಸಿನಲ್ಲೂ ಆಡಬಹುದು.

ಅಕ್ಷರಕ್ಕೆ ಅವಸರ ಬೇಡ. ವಿಜಯದಶಮಿಗೆ ಅಕ್ಕಿಯ ಮೇಲೆ ಬರೆಸಿ, ಸಂತೋಷ. ಮಾರನೇ ದಿನವೇ ಕಾಪಿ ಪುಸ್ತಕ ಹಿಡಿಸಬೇಡಿ. ಮಗುವೇ "ಇದೇನು ಬರೆದಿದೆ?" ಅಂತ ಕೇಳಿದಾಗ ಶುರು ಮಾಡಿ, ಅದೂ ಅ ಆ ಇ ಈ ಸಾಲಿನಿಂದ ಅಲ್ಲ. ಸರ್ಕಾರಿ ಶಾಲೆಯಲ್ಲಿ ಆಡುತ್ತಾ ಕಲಿಸುವ ನಲಿಕಲಿ ಪದ್ಧತಿಯಲ್ಲಿ ರ ಗ ಸ ದ ಅ ಮೊದಲು ಬರುತ್ತವೆ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. 49 ಮುಗಿಯುವವರೆಗೆ ಕಾಯಬೇಕಿಲ್ಲ.

ಇನ್ನೊಂದು ಮಾತು. ಮಗು ಇಪ್ಪತ್ತನೇ ಸಲವೂ ಅದೇ ಪುಸ್ತಕ ತರುತ್ತದೆ. ಬೇಜಾರಾದರೂ ಓದಿ. ನಿದ್ದೆ ಬರುತ್ತಿದೆ ಅಂತ ಪುಟ ಹಾರಿಸಿದರೆ ಸಿಕ್ಕಿಬೀಳುತ್ತೀರಿ, ನನ್ನ ಹಾಗೆ.